ಒಗ್ಗರಣೆ ನಿಂತ ಮನೆ

ಮನುಷ್ಯನಿಗೆ ತೊಡೆ ಇದೆಯೋ ಇಲ್ಲವೋ ಎಂಬುದು ನಿಂತಾಗ ಗೊತ್ತಾಗುವುದಿಲ್ಲ, ನೆಲದ ಮೇಲೆ ಕೂತಾಗಲೇ ಗೊತ್ತಾಗುವುದು. ಮಧುಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದ ಲಕ್ಷ್ಮೀಪತಿಗೆ ಈ ಸತ್ಯ ತಿಳಿದದ್ದು ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಒಂದು ಬುಧವಾರ ಬೆಳಿಗ್ಗೆ, ನಡುಮನೆಯಲ್ಲಿ, ಹತ್ತು ಕೆ.ಜಿ. ರಾಗಿ ಚೀಲದ ಸಮಕ್ಷಮ.

ಹಿಂದಿನ ದಿನ ಸಂಜೆ ಕಳ್ಳಂಬೆಳ್ಳದಿಂದ ತಂಗಿ ರಾಧಾಮಣಿ ಫೋನ್ ಮಾಡಿದ್ದಳು. ಇದು ಸಾಮಾನ್ಯ ಸಂಗತಿಯಲ್ಲ. ನಾಲ್ಕು ವರ್ಷದ ಹಿಂದೆ ಅವಳ ಮನೆಯ ಗೃಹಪ್ರವೇಶದಲ್ಲಿ ಲಕ್ಷ್ಮೀಪತಿ ಪಂಕ್ತಿಯ ಮಧ್ಯದಲ್ಲಿ ಕೂತು, ಅವಳ ಗಂಡನ ಕಡೆಯ ಇನ್ನೂರು ಜನಕ್ಕೆ ಕೇಳುವಂತೆ, "ಸಾರಿಗೆ ಉಪ್ಪು ಹಾಕೋದೇ ಮರ್ತವ್ರಲ್ಲಪ್ಪ!" ಎಂದು ಕೂಗಿಬಿಟ್ಟಿದ್ದ. ಹಾಸ್ಯಕ್ಕೆ ಅಂದದ್ದು. ಇನ್ನೂರು ಜನ ನಕ್ಕರು, ತಂಗಿ ನಗಲಿಲ್ಲ. ಅಂದಿನಿಂದ ಅಣ್ಣ ತಂಗಿಗೆ ಮಾತಿಲ್ಲ. ಆಮೇಲೆ ಅವಳಿಗೆ ಹೆಣ್ಣುಮಗು ಹುಟ್ಟಿತು, ಮಂಜುಶ್ರೀ ಎಂದು ಹೆಸರಿಟ್ಟರು, ಮಗುವಿಗೆ ಮೂರು ವರ್ಷವೂ ತುಂಬಿತು. ಲಕ್ಷ್ಮೀಪತಿ ಅದರ ಮುಖ ನೋಡಿರಲಿಲ್ಲ.

"ಅಣ್ಣ, ಬರೋ ಭಾನುವಾರ ಬುಟ್ಟು ಆಚೆ ಭಾನುವಾರ ಪಾಪುಗೆ ಕಿವಿ ಚುಚ್ಚುಸ್ತಾ ಇದೀವಿ. ಸೋದರಮಾವನ ತೊಡೆ ಮೇಲೆ ಕೂರಿಸಿ ಚುಚ್ಚಬೇಕು. ನಂಗಿರೋದು ನೀನೊಬ್ನೇ ಅಲ್ವಾ? ಬಾ," ಅಂದಿದ್ದಳು ರಾಧಾಮಣಿ.

"ಬರ್ತೀನಿ ಕಣವ್ವ," ಅಂದ ಲಕ್ಷ್ಮೀಪತಿಗೆ ಫೋನ್ ಇಟ್ಟ ಮೇಲೆ ಕಣ್ಣು ತುಂಬಿ ಬಂದವು. ಕಣ್ಣು ಒರೆಸಿಕೊಂಡ ಮೇಲೆ ದಿಗಿಲು ಶುರುವಾಯಿತು. ಹೋದ ವರ್ಷ ದಾಯಾದಿಯೊಬ್ಬರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ, ಅದು ಇವನ ಹೊಟ್ಟೆಯ ಮೇಲಿಂದ ಜಾರಿ ಸೀದಾ ಪುರೋಹಿತರ ಮಡಿಲು ಸೇರಿತ್ತು. ಈಗ ಸೂಜಿ ಹಿಡಿದ ಆಚಾರಿಯ ಮುಂದೆ ಹಾಗೇನಾದರೂ ಆದರೆ? ತಂಗಿಯ ಮನೆಯಲ್ಲಿ, ಅದೇ ಇನ್ನೂರು ಜನದ ಎದುರು?

ಅದಕ್ಕೇ ರಾಗಿ ಚೀಲದ ಪರೀಕ್ಷೆ. ಚಕ್ಕಳಮಕ್ಕಳ ಹಾಕಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಚೀಲ ಜಾರಿತು. ಇನ್ನೊಮ್ಮೆ ಇಟ್ಟ. ಇನ್ನೊಮ್ಮೆ ಜಾರಿತು. ಮೂಲೆಯ ಮಂಚದ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ ಅವನ ತಾಯಿ ಲಕ್ಕಮ್ಮ, ಎಪ್ಪತ್ತೆಂಟು ವರ್ಷದ ಅನುಭವದಿಂದ ತೀರ್ಪು ಕೊಟ್ಟಳು.

"ತೊಡೆ ಇರೋ ಜಾಗ್ದಾಗೆ ಹೊಟ್ಟೆ ಬಂದು ಕುಂತೈತೆ ಕಣ್ಲಾ. ಅದು ಎದ್ರೆ ತಾನೆ ಮಗು ಕುಂತ್ಕೊಳಾದು?"

ಲಕ್ಷ್ಮೀಪತಿ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದ. ಹೋದ ತಿಂಗಳು ಕಚೇರಿಯಲ್ಲಿ ನೌಕರರ ಆರೋಗ್ಯ ತಪಾಸಣೆ ಆದಾಗ ಒಬ್ಬ ಡಾಕ್ಟರಮ್ಮ ಬರೆದುಕೊಟ್ಟಿದ್ದು. ಅದರಲ್ಲಿ ಐದೇ ಸಾಲು. ಎಣ್ಣೆ ಕಡಿಮೆ. ಉಪ್ಪು ಕಡಿಮೆ. ಅನ್ನ ಅರ್ಧ. ಸೊಪ್ಪು ತರಕಾರಿ ಜಾಸ್ತಿ. ಹೊರಗಿನ ಕರಿದ ತಿಂಡಿ ಬೇಡ. ಬೇರೆ ಯಾರೇ ಆದರೂ ಇದನ್ನು ಓದಿ ಅರ್ಥ ಮಾಡಿಕೊಳ್ಳುತ್ತಿದ್ದರು. ಆದರೆ ಲಕ್ಷ್ಮೀಪತಿಗೆ ಇಪ್ಪತ್ತಾರು ವರ್ಷದ ಸರ್ವೀಸು. 'ಕಡಿಮೆ' ಎಂದರೆ ಎಷ್ಟು ಎಂಬುದು ಆದೇಶದಲ್ಲಿ ಸ್ಪಷ್ಟವಿಲ್ಲ. ಸ್ಪಷ್ಟವಿಲ್ಲದ ಆದೇಶ ಬಂದಾಗ ಕೆಲಸವನ್ನು ಸಂಪೂರ್ಣ ನಿಲ್ಲಿಸಿಬಿಡುವುದೇ ಕ್ಷೇಮ ಎಂಬುದು ಅವನು ಕಚೇರಿಯಲ್ಲಿ ಕಲಿತ ಮೊದಲ ಪಾಠ. ಐದನೆಯ ಸಾಲನ್ನು ಅವನು ಎರಡು ಸಲ ಓದಿ, ಅದು ಹೊರಗಿನ ವಿಷಯವಾದ್ದರಿಂದ ಮನೆಯ ಅಡುಗೆಮನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ತೀರ್ಮಾನಿಸಿ, ಬಿಟ್ಟುಬಿಟ್ಟ.

ಹತ್ತು ನಿಮಿಷದಲ್ಲಿ ಅಡುಗೆಮನೆಯ ಬಾಗಿಲಿಗೆ ಒಂದು ಸುತ್ತೋಲೆ ಅಂಟಿತು.

'ವಿಷಯ: ಕುಟುಂಬದ ಸದಸ್ಯರ ಆರೋಗ್ಯ ಕಾಪಾಡುವ ಬಗ್ಗೆ. ಇಂದಿನಿಂದ ಹನ್ನೊಂದು ದಿನಗಳ ಅವಧಿಗೆ ಈ ಅಡುಗೆಮನೆಯಲ್ಲಿ ಒಗ್ಗರಣೆಯನ್ನು ತಡೆಹಿಡಿಯಲಾಗಿದೆ. ಉಪ್ಪಿನ ಬಳಕೆಗೆ ಪೂರ್ವಾನುಮತಿ ಪಡೆಯತಕ್ಕದ್ದು. ಸದರಿ ಆದೇಶವನ್ನು ಎಲ್ಲರೂ ಕಡ್ಡಾಯವಾಗಿ ಪಾಲಿಸತಕ್ಕದ್ದು. ಸಹಿ, ಲಕ್ಷ್ಮೀಪತಿ.'

ಹೆಂಡತಿ ಸುನಿತಾ ಓದಿದಳು. "ರೀ, ಪೂರ್ವಾನುಮತಿ ಕೊಡೋರು ಯಾರು?"

"ನಾನು."

"ನೀವು ಆಫೀಸಿಗೆ ಹೋಗಿದ್ದಾಗ?"

"ಅರ್ಜಿ ಬರೆದಿಡು."

ಹನ್ನೊಂದು ದಿನ ಯಾಕೆಂದರೆ, ಬುಧವಾರದಿಂದ ಎಣಿಸಿದರೆ ಕಿವಿ ಚುಚ್ಚುವ ಭಾನುವಾರ ಹನ್ನೆರಡನೆಯ ದಿನ. ಇದಕ್ಕಿಂತ ಸರಳವಾದ ಲೆಕ್ಕ ಪ್ರಪಂಚದಲ್ಲಿ ಇಲ್ಲ. ಆದರೂ ಎಲ್ಲ ಅನರ್ಥಕ್ಕೂ ಅದೇ ಮೂಲವಾಯಿತು.

ಎರಡನೆಯ ದಿನ ಮಧ್ಯಾಹ್ನ ಲಕ್ಕಮ್ಮ ತಟ್ಟೆಯಲ್ಲಿದ್ದ ಬೇಳೆಯ ಮೇಲೆ ಬೆರಳಿಟ್ಟು ನೆಕ್ಕಿ ನೋಡಿದಳು. ಅಂದು ಲಕ್ಷ್ಮೀಪತಿ ಆದೇಶ ಪಾಲನೆಯ ತಪಾಸಣೆಗೆಂದೇ ಊಟಕ್ಕೆ ಮನೆಗೆ ಬಂದಿದ್ದ.

"ಇದೇನ್ಲಾ ಮಗ?"

"ಬೇಳೆ ಸಾರು ಕಣಮ್ಮ. ಆರೋಗ್ಯಕ್ಕೆ."

"ಒಂದು ಕಲ್ಲುಪ್ಪು ಕೊಡು."

"ಆಗಲ್ಲಮ್ಮ. ಎಲ್ಲರ್ಗೂ ಒಂದೇ ರೂಲ್ಸು."

"ಸಾಯೋ ವಯಸ್ನಾಗೆ ಒಂದು ಕಲ್ಲುಪ್ಪಿಗೆ ಅರ್ಜಿ ಹಾಕ್ಲಾ? ನಿನ್ ಸರ್ಕಾರಿ ಸಾರು ನೀನೇ ಉಣ್ಣು!" ಎಂದು ಲಕ್ಕಮ್ಮ ಎದ್ದು, ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು, ದೊಡ್ಡೇರಿಯ ಬಸ್ಸು ಹತ್ತಿಯೇಬಿಟ್ಟಳು. ದೊಡ್ಡೇರಿಯ ಪಕ್ಕದ ಹಳ್ಳಿಯಲ್ಲಿ ಅವಳ ತಂಗಿ ಈಶ್ವರಮ್ಮನ ಮನೆಯಿತ್ತು. ಸಿಟ್ಟಿನಲ್ಲಿ ಫೋನನ್ನು ಇಲ್ಲೇ ಬಿಟ್ಟು ಹೋದಳು. ಅದು ಒಂದೆರಡು ದಿನ ಮಿಣುಕಿ, ಚಾರ್ಜು ಮುಗಿದು ಆರಿತು. ಈಶ್ವರಮ್ಮನ ಮನೆಯಲ್ಲೂ ಒಂದು ಫೋನಿತ್ತು, ಆದರೆ ಅದಕ್ಕೆ ಸಿಗ್ನಲ್ ಸಿಗಬೇಕಾದರೆ ಹಿತ್ತಿಲ ಹುಣಸೆಮರ ಹತ್ತಬೇಕಿತ್ತು.

ಅತ್ತೆ ಊರಲ್ಲಿಲ್ಲದ ಹೊತ್ತು ಸುನಿತಾಳಿಗೆ ಒಳ್ಳೆಯ ಅವಕಾಶ. ಎಷ್ಟೋ ತಿಂಗಳಿಂದ ಅತ್ತೆ ಒಗೆಯಲು ಕೊಡದಿದ್ದ ಕಂಬಳಿ, ದುಪ್ಪಟಿಗಳನ್ನೆಲ್ಲ ಒಗೆದು ತಂತಿಯ ಮೇಲೆ ಹರವಿದಳು. ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ತಿಗಣೆಗೆಂದು ಮಂಚವನ್ನು ಹೊರಗೆ ತಂದು, ತೊಳೆದು, ಗೋಡೆಗೆ ನೆಟ್ಟಗೆ ನಿಲ್ಲಿಸಿದಳು.

ಇದನ್ನೆಲ್ಲ ಎದುರುಮನೆಯ ದಾಸಮ್ಮ ನೋಡಿದಳು. ದಾಸಮ್ಮನ ಮೂಗು ಆ ಬೀದಿಯಲ್ಲಿ ಪ್ರಸಿದ್ಧ. ಯಾರ ಮನೆಯಲ್ಲಿ ಯಾವ ಸಾರು, ಒಗ್ಗರಣೆಗೆ ಬೆಳ್ಳುಳ್ಳಿ ಬಿತ್ತೋ ಇಂಗು ಬಿತ್ತೋ, ಬಾಗಿಲಲ್ಲಿ ಕೂತೇ ಹೇಳುತ್ತಿದ್ದಳು. ಮೂರು ದಿನದಿಂದ ಎದುರುಮನೆಯಲ್ಲಿ ಸಾಸಿವೆ ಸಿಡಿದ ಸದ್ದಿಲ್ಲ, ವಾಸನೆಯಿಲ್ಲ. ಸಾವಾದ ಮನೆಯಲ್ಲಿ ಹನ್ನೊಂದು ದಿನ ಒಗ್ಗರಣೆ ಹಾಕುವುದಿಲ್ಲ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ದಾಸಮ್ಮ ಶುಕ್ರವಾರ ಬೆಳಿಗ್ಗೆ ಗೇಟಿನ ಹತ್ತಿರ ಬಂದಳು.

"ಸುನಿತಮ್ಮ, ಮೂರು ದಿನದಿಂದ ಒಗ್ಗರಣೆನೇ ಇಲ್ವಲ್ಲವ್ವ?"

ಗಂಡ ಅಡುಗೆಮನೆಗೆ ನೋಟೀಸು ಅಂಟಿಸಿದ್ದಾನೆ ಎಂದು ಹೇಳಿಕೊಳ್ಳಲು ಯಾವ ಹೆಣ್ಣಿಗೆ ಮನಸ್ಸು ಬರುತ್ತದೆ? ಸುನಿತಾ ತಲೆ ತಗ್ಗಿಸಿದಳು. "ಹಾಕಂಗಿಲ್ಲ ದಾಸಕ್ಕ. ಹನ್ನೊಂದು ದಿನ. ಅತ್ತೆನೂ ಇಲ್ಲ, ದೊಡ್ಡೇರಿನಾಗೆ..." ಅಂದಳು. ಅನ್ನುವಾಗ ಬೆಳ್ಳುಳ್ಳಿ ಒಗ್ಗರಣೆ ನೆನಪಾಗಿ ಅವಳ ಕಣ್ಣಲ್ಲಿ ನೀರು ಬಂತು.

ದಾಸಮ್ಮ ಮತ್ತೇನೂ ಕೇಳಲಿಲ್ಲ. ಸಾವನ್ನು ಬಾಯಿಬಿಟ್ಟು ಕೇಳಬಾರದು. ಕಣ್ಣಲ್ಲಿ ನೋಡಿ ತಿಳಿಯಬೇಕು. ಅವಳು ನೋಡಿದಳು. ತಂತಿಯ ಮೇಲೆ ಮುದುಕಿಯ ಕಂಬಳಿ, ಗೋಡೆಗೆ ನಿಂತ ಮಂಚ, ಮುದುಕಿ ಎಲ್ಲೂ ಇಲ್ಲ. ಅಷ್ಟರಲ್ಲಿ ಲಕ್ಷ್ಮೀಪತಿ ಬೆಟ್ಟದ ಬುಡದವರೆಗೆ ನಡೆದು ವಾಪಸ್ಸು ಬಂದ. ಬರಿಗಾಲಲ್ಲಿ ನಡೆದರೆ ಹೊಟ್ಟೆ ಬೇಗ ಇಳಿಯುತ್ತದೆ ಎಂದು ಫೋನಿನಲ್ಲಿ ಯಾರೋ ಹೇಳಿದ್ದರಿಂದ ಕಾಲಲ್ಲಿ ಚಪ್ಪಲಿಯಿರಲಿಲ್ಲ. ಬೆಳಗಿನ ಹೊತ್ತೆಲ್ಲ ನಡೆಯುವುದಕ್ಕೇ ಹೋಗಿ ಮೂರು ದಿನದಿಂದ ಗಡ್ಡ ಬೋಳಿಸಿರಲಿಲ್ಲ. ಬರಿಗಾಲು, ಗಡ್ಡ, ಹಸಿದು ಕಂಗೆಟ್ಟ ಮುಖ. ಹೆತ್ತ ತಾಯಿಯನ್ನು ಕಳೆದುಕೊಂಡ ಮಗನಿಗೆ ಇನ್ನೇನು ಲಕ್ಷಣ ಬೇಕು?

ಅಂದು ಸಂಜೆ ದಾಸಮ್ಮ ಒಂದು ಪಾತ್ರೆ ತುಂಬ ಅನ್ನ, ಒಂದು ಪಾತ್ರೆ ತುಂಬ ಒಗ್ಗರಣೆಯಿಲ್ಲದ ಸಾರು ತಂದು ಜಗಲಿಯ ಮೇಲಿಟ್ಟು, ಒಂದು ಮಾತೂ ಆಡದೆ ಹೋದಳು. ಮರುದಿನ ಪಕ್ಕದ ಮನೆಯಿಂದ ಆರು ಮುದ್ದೆ ಬಂತು. ಹಿಂದಿನ ಬೀದಿಯಿಂದ ಒಂದು ಬಕೆಟ್ಟು ಹುರುಳಿ ಕಟ್ಟು ಬಂತು.

"ಯಾಕ್ರೀ ಎಲ್ಲಾರೂ ಊಟ ತಂದ್ಕೊಡ್ತಾವ್ರೆ?" ಸುನಿತಾ ಕಕ್ಕಾಬಿಕ್ಕಿಯಾಗಿ ಕೇಳಿದಳು.

"ರುಚಿ ನೋಡು. ಒಂದ್ರಾಗೂ ಒಗ್ಗರಣೆ ಇಲ್ಲ," ಅಂದ ಲಕ್ಷ್ಮೀಪತಿ ಮೂರನೆಯ ಮುದ್ದೆ ಮುರಿಯುತ್ತ. "ನನ್ನ ನೋಡಿ ಇಡೀ ಬೀದಿನೇ ಆರೋಗ್ಯದ ಕಡೆ ತಿರುಗೈತೆ ಕಣೆ. ಇದಕ್ಕೇ ಜನಜಾಗೃತಿ ಅನ್ನೋದು."

ಒಗ್ಗರಣೆಯಿಲ್ಲದ ಯಾವ ಪದಾರ್ಥಕ್ಕೂ ಸುತ್ತೋಲೆಯಲ್ಲಿ ಅಡ್ಡಿಯಿರಲಿಲ್ಲ. ಎಷ್ಟು ತಿನ್ನಬೇಕೆಂದೂ ಬರೆದಿರಲಿಲ್ಲ. ಜನರ ಉತ್ಸಾಹಕ್ಕೆ ಭಂಗ ಬರಬಾರದೆಂದು ಅವನು ಎಲ್ಲ ಪಾತ್ರೆಗಳನ್ನೂ ಖಾಲಿ ಮಾಡಿಯೇ ವಾಪಸ್ಸು ಕಳಿಸಿದ.

ಶನಿವಾರ ಕಚೇರಿಗೆ ಹೋದಾಗ ಅವನ ಮೇಜಿನ ಮೇಲಿನ ಕಡತಗಳೆಲ್ಲ ಮಾಯವಾಗಿದ್ದವು. ಪಕ್ಕದ ಮೇಜಿನ ತಿಮ್ಮರಾಯಪ್ಪ ಅವನ್ನೆಲ್ಲ ತನ್ನ ಕಡೆ ಎಳೆದುಕೊಂಡು ಕೂತಿದ್ದ. ತಿಮ್ಮರಾಯಪ್ಪನ ಹೆಂಡತಿ ದಾಸಮ್ಮನ ಸೋದರತ್ತೆಯ ಮಗಳು. ಹಾಗಾಗಿ ಸುದ್ದಿಗೆ ಕಚೇರಿಯವರೆಗೆ ನೇರ ದಾರಿಯಿತ್ತು.

"ನೀನ್ಯಾಕಯ್ಯ ಬಂದೆ? ಇವೆಲ್ಲ ನಾನು ನೋಡ್ಕೋತೀನಿ ಬುಡು," ಅಂದ ತಿಮ್ಮರಾಯಪ್ಪ. ಇಪ್ಪತ್ತು ವರ್ಷದಲ್ಲಿ ಅವನು ಇನ್ನೊಬ್ಬರ ಕಡತ ಮುಟ್ಟಿದ್ದು ಇದೇ ಮೊದಲು. "ಹೆಂಗಿದೀಯ?"

"ಏನ್ ಹೇಳ್ಲಿ ತಿಮ್ಮರಾಯಪ್ಪ. ಮನೇಲಿ ಕುಂತ್ರೆ ತಟ್ಟೆ ನೋಡೋಕೆ ಆಗ್ತಿಲ್ಲ."

"ಆಗಲ್ಲ, ಆಗಲ್ಲ. ಎಷ್ಟು ದಿನ ಆಯ್ತು?"

"ಇವತ್ತಿಗೆ ನಾಕು."

"ಹನ್ನೊಂದೂ ಮಾಡ್ತೀಯ?"

"ಮಾಡ್ಲೇಬೇಕು. ಮೂರಕ್ಕೇ ಮುಗಿಸ್ಬುಡಾನ ಅಂತ ಸುನಿತಾ ಅಂದ್ಲು. ನಾನು ಒಪ್ಲಿಲ್ಲ. ಅರ್ಧಂಬರ್ಧ ಮಾಡಿದ್ರೆ ಫಲ ಇಲ್ಲ ಕಣಯ್ಯ."

"ಒಳ್ಳೆ ಮಗ ಕಣಯ್ಯ ನೀನು!" ತಿಮ್ಮರಾಯಪ್ಪ ಅವನ ಬೆನ್ನು ಸವರಿದ. "ಆಮೇಲೆ ಊಟ ಎಲ್ಲಿಟ್ಕೊಂಡಿದ್ದೀಯ?"

"ಹನ್ನೆರಡನೇ ದಿನ, ಕಳ್ಳಂಬೆಳ್ಳದಾಗೆ, ನಮ್ಮ ತಂಗಿ ಮನೇಲಿ. ಒಬ್ಬಟ್ಟಿನ ಊಟ. ನೀನೂ ಬರ್ಬೇಕು."

"ತಂಗಿ ಮನೇಲಾ?"

"ನಾಕು ವರ್ಷದಿಂದ ಮಾತಿರಲಿಲ್ಲ. ಈಗ ಒಂದಾದ್ವಿ."

ಸಾವು ಎಂಥೆಂಥವರನ್ನು ಒಂದು ಮಾಡುತ್ತದೆ ಎಂದು ತಿಮ್ಮರಾಯಪ್ಪ ನಿಟ್ಟುಸಿರು ಬಿಟ್ಟ. ನಾಲ್ಕು ಗಂಟೆಗೆ ಎಂದಿನಂತೆ ಕಚೇರಿ ಎದುರಿನ ಅಂಗಡಿಯಿಂದ ಮೆಣಸಿನಕಾಯಿ ಬಜ್ಜಿ ಬಂದಾಗ, ತನ್ನ ಪಾಲಿನ ತಟ್ಟೆಯನ್ನೂ ಲಕ್ಷ್ಮೀಪತಿಯ ಮುಂದೆ ಸರಿಸಿದ. "ತಿನ್ನು. ಇಂಥ ಟೈಮ್ನಾಗೆ ಹೊಟ್ಟೆ ಖಾಲಿ ಇಟ್ಕೋಬಾರ್ದು." ಉಳಿದವರೂ ಒಂದೊಂದು ಬಜ್ಜಿ ಎತ್ತಿ ಅವನ ತಟ್ಟೆಗೆ ಹಾಕಿದರು. ವ್ಯಾಪ್ತಿಗೆ ಬಾರದ ವಿಷಯವಾದ್ದರಿಂದ ಲಕ್ಷ್ಮೀಪತಿ ಆಕ್ಷೇಪಿಸಲಿಲ್ಲ. ಎಲ್ಲರೂ ಯಾಕೆ ಇಷ್ಟು ಒಳ್ಳೆಯವರಾಗಿಬಿಟ್ಟರು ಎಂಬುದು ಮಾತ್ರ ಅವನಿಗೆ ಬಗೆಹರಿಯಲಿಲ್ಲ.

ಮಂಗಳವಾರ, ಅಂದರೆ ಸುತ್ತೋಲೆಯ ಏಳನೆಯ ದಿನ, ರಾಧಾಮಣಿಯ ಗಂಡ ರಂಗಸ್ವಾಮಿ ಜಮೀನಿನ ಕೆಲಸಕ್ಕೆಂದು ಮಧುಗಿರಿಗೆ ಬಂದಿದ್ದ. ಬಜ್ಜಿ ಅಂಗಡಿಯ ಮುಂದೆ ತಿಮ್ಮರಾಯಪ್ಪ ಅವನನ್ನು ಕಂಡು, ಕೈ ಹಿಡಿದುಕೊಂಡು, "ನಿಮ್ಮತ್ತೆ ಬಂಗಾರದಂಥ ಹೆಂಗಸು, ಸ್ವಾಮಿ. ಏನ್ಮಾಡೋದು, ದೊಡ್ಡೇರಿನಾಗೆ ಮಣ್ಣಾದ್ರಂತೆ," ಅಂದ. ರಂಗಸ್ವಾಮಿ ಬಾವಮೈದುನನ ಹತ್ತಿರ ಹೋಗಿ ಕೇಳೋಣವೆಂದರೆ ನಾಲ್ಕು ವರ್ಷದಿಂದ ಮುಖಕ್ಕೆ ಮುಖ ಕೊಟ್ಟಿಲ್ಲ. ಹೆಂಡತಿಗೆ ಫೋನ್ ಮಾಡಿದ. ಹೆಂಡತಿ ತಾಯಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಆಮೇಲೆ ಅಣ್ಣನಿಗೆ ಮಾಡಿದಳು.

ಲಕ್ಷ್ಮೀಪತಿ ಆಗ ಬಜ್ಜಿಯ ತಟ್ಟೆಯ ಮುಂದಿದ್ದ.

"ಅಯ್ಯೋ ಅಣ್ಣಾ! ಅಮ್ಮನ ಮುಖನಾದ್ರೂ ತೋರಿಸ್ಬಾರ್ದಿತ್ತೇನೋ!"

"ಯಾವ ಅಮ್ಮ?"

"ನಮ್ಗೆಷ್ಟು ಜನ ಅಮ್ಮ ಅವ್ರೋ? ದೊಡ್ಡೇರಿನಾಗೆ ಮಣ್ಣು ಮಾಡಿ ವಾರ ಆಯ್ತಂತೆ! ಊರಿಗೆಲ್ಲ ಗೊತ್ತು, ಹೆತ್ತ ಮಗಳಿಗೆ ಗೊತ್ತಿಲ್ಲ! ಸಾರಿಗೆ ಉಪ್ಪು ಕಮ್ಮಿ ಆಗಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆನಾ?"

ಫೋನ್ ಕಟ್ಟಾಯಿತು. ಲಕ್ಷ್ಮೀಪತಿಯ ಕೈಯಲ್ಲಿದ್ದ ಬಜ್ಜಿ ನೆಲಕ್ಕೆ ಬಿತ್ತು. ಅಮ್ಮ ಹೋಗಿಬಿಟ್ಟಳೆ? ದೊಡ್ಡೇರಿಗೆ ಹೋದವಳು ಹಾಗೆಯೇ ಹೋಗಿಬಿಟ್ಟಳೆ? ಅವಳು ಕೊನೆಯದಾಗಿ ಕೇಳಿದ್ದು ಒಂದು ಕಲ್ಲು ಉಪ್ಪು. ಅವನು ಕೊಡಲಿಲ್ಲ. ರೂಲ್ಸು ಅಂದ.

"ತಿಮ್ಮರಾಯಪ್ಪ! ನಮ್ಮಮ್ಮ ತೀರ್ಕೊಂಡ್ಳಂತಲ್ಲಯ್ಯ!"

ತಿಮ್ಮರಾಯಪ್ಪ ಗಾಬರಿಯಿಂದ ಅವನ ಮುಖ ನೋಡಿದ. "ಹೌದಲ್ಲಯ್ಯ. ಹೋದ ವಾರ."

"ನಿಂಗೆ ಗೊತ್ತಿತ್ತಾ?"

"ಎಲ್ಲಾರ್ಗೂ ಗೊತ್ತಲ್ಲಯ್ಯ!"

"ಮತ್ತೆ ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

ಕಚೇರಿಯವರೆಲ್ಲ ಕೈಯಲ್ಲಿದ್ದ ಬಜ್ಜಿ ಕೆಳಗಿಟ್ಟರು. ದುಃಖ ತಲೆಗೆ ಏರಿದೆ ಎಂದು ತಿಮ್ಮರಾಯಪ್ಪ ಬೇರೆಯವರಿಗೆ ಕಣ್ಸನ್ನೆ ಮಾಡಿ, ಒಂದು ಲೋಟ ನೀರನ್ನು ಲಕ್ಷ್ಮೀಪತಿಯ ನೆತ್ತಿಗೆ ತಟ್ಟಿದ. ಲಕ್ಷ್ಮೀಪತಿಗೆ ಈಗ ಒಂದೊಂದೇ ಅರ್ಥವಾಗತೊಡಗಿತು. ಬೀದಿಯವರು ಊಟ ತಂದದ್ದು ಇದಕ್ಕೆ, ಕಡತ ತೆಗೆದುಕೊಂಡದ್ದು ಇದಕ್ಕೆ, ಬಜ್ಜಿ ಕೊಟ್ಟದ್ದು ಇದಕ್ಕೆ. ಪ್ರಪಂಚವೇ ಅವನ ತಾಯಿಗಾಗಿ ಅಳುತ್ತಿರುವಾಗ ಅವನೊಬ್ಬ ಕೂತು ಮೂರು ಮುದ್ದೆ ಮುರಿದಿದ್ದ.

ಅವನು ಮಗುವಿನ ಹಾಗೆ ಅತ್ತುಬಿಟ್ಟ.

ಅರ್ಧ ಗಂಟೆಯಲ್ಲಿ ಒಂದು ವ್ಯಾನು ಗೊತ್ತಾಯಿತು. ಲಕ್ಷ್ಮೀಪತಿ, ತಿಮ್ಮರಾಯಪ್ಪ, ಮನೆಯಿಂದ ಸುನಿತಾ, ಕರೆಯದಿದ್ದರೂ ದಾಸಮ್ಮ. ಸುದ್ದಿ ಕೇಳಿ ಸುನಿತಾ ಬಡಬಡಿಸಿದಳು. "ಅತ್ತೆ ಕಂಬಳಿ ಒಗೆದಿದ್ದೆ, ಬಂದ ಮೇಲೆ ಬೈತಾರೆ ಅಂತ ಹೆದರ್ಕೊಂಡಿದ್ನಲ್ಲ!" ದಾಸಮ್ಮ ಅವಳನ್ನು ತಬ್ಬಿಕೊಂಡು, "ಈಗ ಸುದ್ದಿ ಕೇಳ್ದೋಳಂಗೆ ಅಳ್ತಾವ್ಳೆ, ಪಾಪ," ಅಂದಳು. ಅಷ್ಟು ಹೊತ್ತಿಗೆ ಅತ್ತ ಕಳ್ಳಂಬೆಳ್ಳದಿಂದ ರಾಧಾಮಣಿ, ಮಗು ಮತ್ತು ಐದಾರು ಹೆಂಗಸರನ್ನು ತುಂಬಿಕೊಂಡ ಲಗೇಜ್ ಆಟೋ ಹೊರಟಿತ್ತು. ರಂಗಸ್ವಾಮಿ ಮಧುಗಿರಿಯಲ್ಲಿ ಒಂದು ದೊಡ್ಡ ಸೇವಂತಿಗೆ ಹಾರ ಕೊಂಡು ಬಸ್ಸಿನಲ್ಲಿ ಮೊದಲೇ ಬಂದು ಊರ ಬಾಗಿಲಲ್ಲಿ ಕಾಯುತ್ತಿದ್ದ.

ಎರಡು ಗಾಡಿಗಳೂ ಈಶ್ವರಮ್ಮನ ಮನೆಯ ಮುಂದೆ ಒಟ್ಟಿಗೇ ನಿಂತವು. ಹೆಂಗಸರು ಇಳಿಯುವ ಮೊದಲೇ ಬೊಬ್ಬೆ ಹೊಡೆದರು. ಹಾರ ಹಿಡಿದ ರಂಗಸ್ವಾಮಿ ಮುಂದೆ, ಎದೆ ಬಡಿದುಕೊಳ್ಳುತ್ತ ರಾಧಾಮಣಿ ಹಿಂದೆ, ಅವಳ ಹಿಂದೆ ಲಕ್ಷ್ಮೀಪತಿ.

ಲಕ್ಕಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಅಳು ಗಕ್ಕನೆ ನಿಂತಿತು. ಲಕ್ಕಮ್ಮ ಹಾರ ನೋಡಿದಳು, ಹೆಂಗಸರನ್ನು ನೋಡಿದಳು, ಸುಲಿದ ಕಾಳನ್ನು ಮಡಿಲಿನಿಂದ ಮೊರಕ್ಕೆ ಸುರಿದು ಎದ್ದು ನಿಂತಳು.

"ಯಾರ್ಲಾ ಸತ್ತೋರು?"

ಹೆಂಗಸರು ರಂಗಸ್ವಾಮಿಯ ಕಡೆ, ರಂಗಸ್ವಾಮಿ ಕೈಯ ಹಾರದ ಕಡೆ ನೋಡಿದರು. ಕೊನೆಗೆ ಸರ್ಕಾರಿ ನೌಕರನಾದ್ದರಿಂದ ಮಾಹಿತಿ ಕೊಡುವುದು ತನ್ನ ಕರ್ತವ್ಯ ಎಂದು ಭಾವಿಸಿ ತಿಮ್ಮರಾಯಪ್ಪ ಕೈಮುಗಿದು ಹೇಳಿದ. "ನೀವೇ ಕಣಮ್ಮ."

"ಯಾವಾಗ?"

"ಹೋದ ಬುಧವಾರ."

"ಬುಧವಾರ ಅಲ್ಲ, ಸತ್ತಿದ್ರೆ ಗುರುವಾರ ಸಾಯ್ಬೇಕಿತ್ತು, ಆ ಸಾರು ಕುಡ್ದು!" ಅಂದಳು ಲಕ್ಕಮ್ಮ. ಲಕ್ಷ್ಮೀಪತಿ ಓಡಿಹೋಗಿ ಅವಳ ಕಾಲು ಹಿಡಿದುಕೊಂಡ. "ಅಮ್ಮಾ, ಎಷ್ಟ್ ಬೇಕೋ ಅಷ್ಟು ಉಪ್ಪು ತಿನ್ನಮ್ಮ!" ಎಂದು ಗೋಳಾಡಿದ. ರಾಧಾಮಣಿ ಇನ್ನೊಂದು ಕಾಲು ಹಿಡಿದುಕೊಂಡಳು. ಅವರ ಮಧ್ಯೆ ಸಿಕ್ಕಿಕೊಂಡ ಮುದುಕಿ ಬೀಳದ ಹಾಗೆ ಈಶ್ವರಮ್ಮ ಹಿಂದಿನಿಂದ ಆತುಕೊಂಡಳು.

ಆಮೇಲೆ ವಿಚಾರಣೆ ನಡೆಯಿತು. ಹೇಳಿದ್ದು ಯಾರು? ರಂಗಸ್ವಾಮಿ ತಿಮ್ಮರಾಯಪ್ಪನನ್ನು ತೋರಿಸಿದ. ತಿಮ್ಮರಾಯಪ್ಪ ದಾಸಮ್ಮನನ್ನು ತೋರಿಸಿದ. ದಾಸಮ್ಮ ಸೊಂಟದ ಮೇಲೆ ಕೈಯಿಟ್ಟು, "ಹನ್ನೊಂದು ದಿನ ಒಗ್ಗರಣೆ ಇಲ್ಲ ಅಂತ ಇವ್ರೇ ಅಂದ್ರು! ಮಂಚ ಎತ್ತಿ ನಿಲ್ಸಿದ್ರು! ಇವ್ರ ಗಡ್ಡ ನೋಡಿ! ನೀವಾಗಿದ್ರೆ ಏನ್ ತಿಳ್ಕೊಳ್ತಿದ್ರಿ?" ಎಂದು ಸಭೆಯನ್ನೇ ಕೇಳಿದಳು. ಸಭೆ ಅವಳ ಕಡೆ ತಲೆಯಾಡಿಸಿತು. ಸುನಿತಾ ಸುತ್ತೋಲೆಯನ್ನು ಬಾಯಿಪಾಠವಾಗಿ ಒಪ್ಪಿಸಿದಳು, ಸಹಿಯವರೆಗೆ.

"ಯಾಕಣ್ಣ ಇಂಗ್ ಮಾಡ್ದೆ?" ರಾಧಾಮಣಿ ಕೇಳಿದಳು.

ಲಕ್ಷ್ಮೀಪತಿ ನೆಲ ನೋಡುತ್ತ ನಿಂತ. "ತೊಡೆ ಇರ್ಲಿಲ್ಲ ಕಣವ್ವ," ಅಂದ. "ರಾಗಿ ಚೀಲ ಇಟ್ಕೊಂಡು ನೋಡ್ದೆ, ಜಾರೋಯ್ತು. ಇಷ್ಟು ದಿನ ಆದ್ಮೇಲೆ ಕರ್ದಿದ್ದೀಯ. ನಿನ್ ಮಗು ಕುಂತ್ಕೊಳೋಕೆ ನನ್ಹತ್ರ ಜಾಗ ಇಲ್ಲ ಅಂದ್ರೆ ಹೆಂಗೆ ಮುಖ ತೋರಿಸ್ಲಿ? ಅದಕ್ಕೇ."

ರಾಧಾಮಣಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾಲ್ಕು ವರ್ಷದ ಸಿಟ್ಟು ಕರಗಿತು. ಆ ಗಳಿಗೆ ಎಷ್ಟು ಚೆನ್ನಾಗಿತ್ತೆಂದರೆ, ಅದು ಹಾಗೆಯೇ ಉಳಿಯಬೇಕಿತ್ತು. ಆದರೆ ತಿಮ್ಮರಾಯಪ್ಪನಿಗೂ ಕರುಳು ಮಿಡಿಯಿತು.

"ಪಾಪ, ನಾವೆಲ್ಲ ಸೇರಿ ಬಲವಂತ ಮಾಡ್ದೆ ಇದ್ದಿದ್ರೆ ಉಪವಾಸನೇ ಇರ್ತಿದ್ದ. ದಿನಾ ನಾಕು ಗಂಟೆಗೆ ಎರಡು ತಟ್ಟೆ ಬಜ್ಜಿ ತಿನ್ನಿಸ್ಬುಟ್ಟು ಕಳಿಸ್ತಿದ್ವಿ."

ಎಲ್ಲರ ಕಣ್ಣೂ ಲಕ್ಷ್ಮೀಪತಿಯ ಹೊಟ್ಟೆಯ ಕಡೆ ತಿರುಗಿದವು. ಏಳು ದಿನದ ಆರೋಗ್ಯದಿಂದ ಅದು ಇನ್ನಷ್ಟು ಮುಂದೆ ಬಂದಿತ್ತು.

"ಎರಡು ತಟ್ಟೆ?" ಸುನಿತಾ ನಿಧಾನವಾಗಿ ಕೇಳಿದಳು. "ನಂಗೆ ಒಂದು ಸಾಸಿವೆ ಕಾಳು ಸಿಡಿಸೋಕೆ ಬುಡಲಿಲ್ಲ."

"ಅದು ವ್ಯಾಪ್ತಿಗೆ..." ಎಂದು ಶುರುಮಾಡಿದ ಲಕ್ಷ್ಮೀಪತಿ ಮುಂದುವರಿಸಲಿಲ್ಲ.

"ನೋಡ್ಲಾ," ಅಂದಳು ಲಕ್ಕಮ್ಮ. "ನಾನು ಹುಟ್ಟಿದಾಗಿಂದ ಒಗ್ಗರಣೆ ಉಣ್ತಾ ಇದೀನಿ. ಒಂದು ಮುದ್ದೆ, ಕೈತುಂಬ ಸೊಪ್ಪು, ಕಾಳು, ಎಣ್ಣೆ ಒಂದು ಚಮಚ. ಹೊಟ್ಟೆ ಬಂದೈತಾ ನಂಗೆ? ಆ ಬಾಣಲೆ ಎಣ್ಣೆ ಬುಡು, ಎರಡನೇ ಮುದ್ದೆ ಬುಡು. ಮನೇಲಿ ಇರೋರ್ನ ಸಾಯಿಸ್ಬ್ಯಾಡ." ಡಾಕ್ಟರಮ್ಮ ಬರೆದದ್ದೂ ಇದನ್ನೇ. ಆದರೆ ಇದನ್ನು ಅಮ್ಮನ ಬಾಯಲ್ಲಿ ಕೇಳುವವರೆಗೆ ಲಕ್ಷ್ಮೀಪತಿಗೆ ಐದನೆಯ ಸಾಲು ಅರ್ಥವಾಗಿರಲಿಲ್ಲ.

ಸತ್ತರೆಂದು ಸುದ್ದಿಯಾದವರಿಗೆ ಆಯಸ್ಸು ಜಾಸ್ತಿ ಎಂದು ಈಶ್ವರಮ್ಮ ಎಲ್ಲರಿಗೂ ಅವರೆಕಾಳು ಸಾರು ಬಡಿಸಿದಳು. ಸೇವಂತಿಗೆ ಹಾರವನ್ನು ವ್ಯರ್ಥ ಮಾಡಬಾರದೆಂದು ದೇವರ ಪಟಕ್ಕೆ ಹಾಕಿದರು.

ಭಾನುವಾರ ಕಳ್ಳಂಬೆಳ್ಳದಲ್ಲಿ ಕಿವಿ ಚುಚ್ಚುವ ಶಾಸ್ತ್ರ ಸಾಂಗವಾಗಿ ನಡೆಯಿತು. ಬಜ್ಜಿ ಬಿಟ್ಟು ನಾಲ್ಕು ದಿನಕ್ಕೆ ಯಾರ ಹೊಟ್ಟೆಯೂ ಮಾಯವಾಗುವುದಿಲ್ಲ, ಲಕ್ಷ್ಮೀಪತಿಯದೂ ಆಗಿರಲಿಲ್ಲ. ಅವನು ಉಸಿರು ಬಿಗಿಹಿಡಿದು ಚಾಪೆಯ ಮೇಲೆ ಕೂತ. ಮಂಜುಶ್ರೀ ಮಾವನ ಮುಖ ನೋಡಿ, ಹೊಟ್ಟೆ ನೋಡಿ, ಬೆರಳಿಂದ ಒತ್ತಿ ನೋಡಿ, ತೃಪ್ತಿಯಾದ ಮೇಲೆ ಹತ್ತಿ ಕೂತಳು. ಜಾರತೊಡಗಿದಳು. ಅಷ್ಟರಲ್ಲಿ ಆಚಾರಿ ಸೂಜಿ ಚುಚ್ಚಿದ. ಮಗು ಚಿಟ್ಟನೆ ಚೀರಿ, ತಿರುಗಿ, ಎರಡೂ ಕೈಯಿಂದ ಆ ಹೊಟ್ಟೆಯನ್ನೇ ಬಾಚಿ ತಬ್ಬಿಕೊಂಡು ಮುಖ ಹುದುಗಿಸಿತು. ಎರಡನೆಯ ಕಿವಿ ಚುಚ್ಚಿ ಮುಗಿದರೂ ಬಿಡಲಿಲ್ಲ. ಲಕ್ಷ್ಮೀಪತಿ ಬಿಗಿಹಿಡಿದ ಉಸಿರನ್ನು ಆಗ ಬಿಟ್ಟ. ಅವನಿಗೆ ಅಷ್ಟು ಸುಖ ಎಂದೂ ಆಗಿರಲಿಲ್ಲ.

ಊಟಕ್ಕೆ ಕೂತಾಗ ರಾಧಾಮಣಿ ತಾನೇ ಬಡಿಸಲು ಬಂದಳು. ಅಣ್ಣನ ಎಲೆಗೆ ಸೊಪ್ಪಿನ ಪಲ್ಯ ಎರಡು ಸಲ ಹಾಕಿದಳು, ಕೋಸಂಬರಿ ಎರಡು ಸಲ ಹಾಕಿದಳು, ಅನ್ನ ಅರ್ಧ ಸೌಟು. ಒಂದೇ ಒಂದು ಒಬ್ಬಟ್ಟು ಇಟ್ಟಳು. ಎರಡನೆಯ ಸಲ ಒಬ್ಬಟ್ಟು ತಂದಾಗ ಪಕ್ಕದಲ್ಲಿ ಕೂತವರಿಗೆಲ್ಲ "ಅಯ್ಯೋ, ಇನ್ನೊಂದು ಹಾಕಿಸ್ಕೊಳ್ಳಿ, ಅದೆಲ್ಲ ಆಗಲ್ಲ," ಎಂದು, ಅವರು ಕೈ ಅಡ್ಡ ಹಿಡಿದರೂ ಕೇಳದೆ ಬಡಿಸುತ್ತ ಬಂದವಳು, ಅಣ್ಣನ ಎಲೆಯ ಮುಂದೆ ಬಂದಾಗ ಒಂದು ಗಳಿಗೆ ನಿಂತಳು. ಒಬ್ಬಟ್ಟಿನ ತಟ್ಟೆಯನ್ನು ಸೆರಗಿನ ಮರೆಗೆ ತೆಗೆದುಕೊಂಡಳು. ಮುಂದಿನ ಎಲೆಗೆ ಹೋದಳು. ಲಕ್ಷ್ಮೀಪತಿ ತಲೆ ಎತ್ತಿ ಅವಳನ್ನು ನೋಡಿದ. ಅವಳೂ ತಿರುಗಿ ನೋಡಿದಳು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

ಎದುರು ಪಂಕ್ತಿಯಲ್ಲಿ ಕೂತಿದ್ದ ದಾಸಮ್ಮ ಇದೆಲ್ಲವನ್ನೂ ಕಣ್ಣಾರೆ ಕಂಡಳು.

ಸಂಜೆ ಲಕ್ಷ್ಮೀಪತಿ ಮಧುಗಿರಿಯಲ್ಲಿ ಬಸ್ಸು ಇಳಿಯುವ ಹೊತ್ತಿಗೆ ತಿಮ್ಮರಾಯಪ್ಪನ ಫೋನ್ ಬಂತು. ಏನೋ ಅಡಚಣೆಯಾಗಿ ಅವನು ಊಟಕ್ಕೆ ಬಂದಿರಲಿಲ್ಲ.

"ಏನಯ್ಯ, ತಂಗಿ ಜೊತೆ ಮತ್ತೆ ಕೆಟ್ಟೋಯ್ತಂತೆ? ತುಂಬಿದ ಪಂಕ್ತಿನಾಗೆ ಅಣ್ಣನಿಗೆ ಎರಡನೇ ಒಬ್ಬಟ್ಟು ಹಾಕ್ಲಿಲ್ವಂತೆ?"

"ಹೌದು ಕಣಯ್ಯ," ಅಂದ ಲಕ್ಷ್ಮೀಪತಿ. "ಎಲ್ಲಾರ್ಗೂ ಹಾಕಿದ್ಲು. ನನಗೊಬ್ಬನಿಗೆ ಹಾಕ್ಲಿಲ್ಲ."

ಹೇಳಿ, ಮಗು ತಬ್ಬಿಕೊಂಡಿದ್ದ ಹೊಟ್ಟೆಯನ್ನು ಸವರಿಕೊಂಡು ಮೂಗು ಸೇದಿದ. ಆ ಸದ್ದು ಕೇಳಿದ ತಿಮ್ಮರಾಯಪ್ಪ ಸುದ್ದಿ ನಿಜವೆಂದುಕೊಂಡು, ಸೋಮವಾರ ಬೆಳಿಗ್ಗೆ ಅವನ ಕಡತಗಳನ್ನೆಲ್ಲ ಮತ್ತೆ ತನ್ನ ಮೇಜಿಗೆ ತೆಗೆದಿಟ್ಟುಕೊಂಡ.